ಹತ್ತೊಂಬತ್ತನೇ ಸಾಲಿನ ಒದ್ದೆ ಬಟ್ಟೆ

“ಯಾವಳದ್ದೇ ಈ ಗಬ್ಬು? ಬಾಯಿ ಬಿಡ್ರೇ! ಕರೆಂಟ್ ಹುಟ್ಟೋ ಜಾಗ ಇದು, ನಿಮ್ಮಪ್ಪನ ಹಿತ್ಲು ಅನ್ಕೊಂಡ್ರಾ?”

ವೈಪರ್ ಕೋಲಿನ ತುದಿಗೆ ಅವ್ವನ ಲಂಗ ಸಿಕ್ಕಿಸಿಕೊಂಡು ಸೀಟಿ ನಿಂತಿದ್ದ. ಸತ್ತ ಹಾವನ್ನು ಎತ್ತಿದವನ ಹಾಗೆ ಮೈಯಿಂದ ದೂರ ಹಿಡಿದಿದ್ದ. ಲಂಗದ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಸೀಟಿ ಅಂದರೆ ನಮ್ಮ ಸೂಪರ್‌ವೈಸರು. ಕೂಲಿಯವರನ್ನು ಹೆಸರು ಹಿಡಿದು ಕರೆದರೆ ನಾಲಿಗೆ ಸವೆದೀತು ಅಂತ ಕೊರಳಿಗೊಂದು ಸೀಟಿ ಕಟ್ಟಿಕೊಂಡಿದ್ದಾನೆ. ಒಂದು ಸಲ ಊದಿದರೆ ಗಂಡಾಳು, ಎರಡು ಸಲ ಊದಿದರೆ ಹೆಣ್ಣಾಳು.

“ನಂದು ಸಾಮಿ,” ಅಂತ ಸೋಲಾರ್ ಪ್ಯಾನೆಲ್ ಕೆಳಗಿನಿಂದ ಅವ್ವನ ದನಿ ಬಂತು.

“ನಿಂದಾ? ಬಾ ಮತ್ತೆ. ಬಂದು ಇಸ್ಕೊಂಡು ಹೋಗು.”

ಅವ್ವ ಬರುವ ಹಾಗಿರಲಿಲ್ಲ. ಅದು ಆ ಬೋಳಿಮಗನಿಗೂ ಗೊತ್ತಿತ್ತು. ಹತ್ತೊಂಬತ್ತನೇ ಸಾಲಿನ ಪ್ಯಾನೆಲ್‌ಗಳ ಕೆಳಗೆ ಒಂಬತ್ತು ಜನ ಹೆಂಗಸರು ಸೊಂಟಕ್ಕೆ ಸಿಮೆಂಟ್ ಚೀಲ ಸುತ್ತಿಕೊಂಡು, ಮೊಣಕಾಲು ಎದೆಗೆ ಒತ್ತಿಕೊಂಡು, ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದರು. ಮೇಲೆ ಗಾಜಿನ ಕೆಳ ಅಂಚಿಗೆ ಅವರ ಲಂಗಗಳು. ಬೇಲಿ ಕೆಲಸದ ಇಬ್ಬರು ಗಂಡಸರು ಹಲ್ಲು ಕಿಸಿದು ನೋಡುತ್ತಿದ್ದರು.

ನಾನು ಪೈಪು ಬಿಸಾಕಿ ಬಂದೆ. “ಇಲ್ಲಿ ಕೊಡಣ್ಣ.”

“ಓಹೋ, ಮಗರಾಯ! ತಗೊಳಪ್ಪ, ನಿಮ್ಮವ್ವನ ಬಾವುಟ.”

ಕೋಲು ಬಗ್ಗಿಸಿದ. ಲಂಗ ನನ್ನ ಕೈಗೆ ಬೀಳಲಿಲ್ಲ, ಪೈಪಿನ ನೀರು ನಿಂತು ಕೆಸರಾಗಿದ್ದ ಕಡೆ ಬಿತ್ತು. ಅದರ ಮೇಲೆ ಬೂಟು ಇಟ್ಟು ದಾಟಿಕೊಂಡು ಹೋದ. ಹೋಗುತ್ತಾ ಎರಡು ಸಲ ಸೀಟಿ ಊದಿದ.

ಎತ್ತಿ, ಪೈಪಿಗೆ ಹಿಡಿದು ತೊಳೆದು, ಮುಖ ಆ ಕಡೆ ತಿರುಗಿಸಿಕೊಂಡು ಪ್ಯಾನೆಲ್ ಕೆಳಗೆ ಚಾಚಿದೆ. ಅವ್ವ ತೆಗೆದುಕೊಂಡಳು. “ಹಿಂಡಿಲ್ವಲ್ಲೋ,” ಅಂದಳು, ಅಷ್ಟೇ. ಪಕ್ಕದಲ್ಲಿದ್ದ ಕೆಮ್ಮಜ್ಜಿ ಕೆಮ್ಮಿನ ನಡುವೆಯೇ ಹೇಳಿದಳು: “ಬಿಡೆ, ಮನೇಲಿ ಹೆಂಡ್ತಿ ಹತ್ರ ಸೇರಿಸಲ್ಲ ಅಂತ ಕಾಣುತ್ತೆ. ಇಲ್ಲಿ ಕೋಲಲ್ಲಿ ಎತ್ತಿ ನೋಡ್ತಾನೆ.” ಪ್ಯಾನೆಲ್ ಕೆಳಗೆ ಎಲ್ಲರೂ ಕಿಸಕ್ಕನೆ ನಕ್ಕರು. ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ.

ಅಲ್ಲಿ ಯಾಕೆ ಒಣಗಿಸುತ್ತಾರೆ ಅಂದರೆ, ಕೇಳಿ. ಪ್ಯಾನೆಲ್ ತೊಳೆಯುವ ಕೆಲಸ ಬೆಳಕು ಹರಿಯುವುದಕ್ಕೆ ಮೊದಲೇ ಶುರುವಾಗಬೇಕು. ಗಾಜು ಕಾದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಗಂಡಾಳು ಪೈಪು ಎಳೆಯಬೇಕು, ಹೆಣ್ಣಾಳು ಸೀರೆ ಬಿಟ್ಟು, ಲಂಗದ ಮೇಲೊಂದು ಅಂಗಿ ತೊಟ್ಟು, ಉದ್ದ ಕೋಲಿನ ಬ್ರಶ್ ಎತ್ತಿ ತಿಕ್ಕಬೇಕು. ಎತ್ತಿದ ಕೈಯಿಂದ ನೀರು ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ, ಅಲ್ಲಿಂದ ಹಿಮ್ಮಡಿವರೆಗೆ ಇಳಿಯುತ್ತದೆ. ಒಂಬತ್ತು ಗಂಟೆಗೆ ಕೆಲಸ ಮುಗಿಯುವಾಗ ಒಬ್ಬೊಬ್ಬಳೂ ಹಳ್ಳದಲ್ಲಿ ಬಿದ್ದೆದ್ದ ಹಾಗಿರುತ್ತಾಳೆ. ಹತ್ತೂವರೆಗೆ ಕೂಲಿ ವ್ಯಾನು. ಒದ್ದೆ ಬಟ್ಟೆಯವರನ್ನು ಡ್ರೈವರು ಹತ್ತಿಸುವುದಿಲ್ಲ, ಸೀಟಿನ ಸ್ಪಂಜು ಕೊಳೆಯುತ್ತದಂತೆ. ಇನ್ನೊಂದು ಜೊತೆ ಬಟ್ಟೆ ತರೋಣ ಅಂದರೆ ಗೇಟಿನಲ್ಲಿ ಚೀಲ ಬಿಡುವುದಿಲ್ಲ, ತಾಮ್ರದ ತಂತಿ ಕದ್ದೊಯ್ಯುತ್ತೇವಂತೆ. ತಂದರೂ ಬದಲಿಸಿಕೊಳ್ಳಲು ಕೋಣೆ ಇಲ್ಲ.

ಕೋಣೆ ಇತ್ತು. ಆಫೀಸಿನ ಹಿಂದೆ, ಬ್ರಶ್ ಬಕೀಟು ಇಡುತ್ತಿದ್ದ ಸಣ್ಣ ಕೋಣೆ. ಹೆಂಗಸರು ಬಾಗಿಲು ಹಾಕಿಕೊಂಡು ಅಲ್ಲೇ ಹಿಂಡಿ, ಒಣಗಿಸಿ, ಉಟ್ಟು ಬರುತ್ತಿದ್ದರು. ಆರು ತಿಂಗಳ ಹಿಂದೆ ಅದಕ್ಕೆ ಬಣ್ಣ ಹೊಡೆದು, ಎಸಿ ಕೂರಿಸಿ, ಮೂರು ಕುರ್ಚಿ ಹಾಕಿದರು. ಬಾಗಿಲಿಗೆ ಬೋರ್ಡು ಬಂತು: ಇಂಟರ್ನ್‌ಗಳ ಕೋಣೆ.

ಆ ಮೂರು ಕುರ್ಚಿಗಳಲ್ಲಿ ಒಂದರಲ್ಲಿ ಕೂರುವವಳು ನನ್ನ ತಂಗಿ.

ನಾನು ಏಳನೇ ಕ್ಲಾಸಿನಲ್ಲೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು. ತಂಗಿ ಬಿಡಲಿಲ್ಲ. ಕಾಲೇಜು ಹತ್ತಿದಳು, ಭೌತಶಾಸ್ತ್ರ ಹಿಡಿದಳು. ಕಂಪನಿಯವರು ಅವಳ ಕಾಲೇಜಿಗೆ ಹೋಗಿ, ಇಂಥ ಕೆಲಸಕ್ಕೆ ಇದುವರೆಗೆ ಯಾರೂ ಕರೆಯದ ಮನೆಗಳ ಮಕ್ಕಳಿಗೇ ಅಂತ ಸಂಬಳ ಕೊಡುವ ಇಂಟರ್ನ್‌ಶಿಪ್ ಮೂರು ತೆಗೆದಿಟ್ಟಿದ್ದೇವೆ ಅಂದರಂತೆ. ಇನ್ನೂರು ಜನ ಪರೀಕ್ಷೆ ಬರೆದರು. ಮೊದಲು ಬಂದವಳು ಇವಳು. ಯಾರ ಭಿಕ್ಷೆಯೂ ಅಲ್ಲ. ಅವಳ ಸಂಬಳ ನನ್ನದೂ ಅವ್ವನದೂ ಸೇರಿದ್ದಕ್ಕಿಂತ ಜಾಸ್ತಿ. ಮೊದಲ ತಿಂಗಳು ಅವ್ವನಿಗೊಂದು ನೀಲಿ ಲಂಗ ತಂದಳು. ಅವ್ವ ಅದನ್ನು ಮೂಸಿ ನೋಡಿ, ಮಡಚಿ, ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. “ಈ ಹೊಲಸು ನೀರಿಗೆ ಹಾಕೋದಾ ಇದನ್ನ? ನಿನ್ನ ಮದುವೇಲಿ ಹಾಕ್ತೀನಿ ಬಿಡು.”

ಮೂವರೂ ಹೋಗುವುದು ಒಂದೇ ಜಾಗಕ್ಕೆ. ನಾವಿಬ್ಬರು ನಸುಕಿನಲ್ಲಿ ಕೂಲಿ ವ್ಯಾನಿನಲ್ಲಿ, ಅವಳು ಬಿಸಿಲೇರಿದ ಮೇಲೆ ಆಫೀಸಿನ ಕಾರಿನಲ್ಲಿ.

ಅವಳು ಸೇರಿದ ವಾರ ಫೋಟೊ ತೆಗೆದರು. ಇಂಟರ್ನ್‌ಗಳನ್ನು ನೋಡಿಕೊಳ್ಳುವ ಮೇಡಂ ಒಬ್ಬಳಿದ್ದಾಳೆ. ಮಾತು ಬೆಣ್ಣೆ. ಅವಳೇ ಬಂದು ಅವ್ವನ ಕೈ ಹಿಡಿದು ಕರೆದುಕೊಂಡು ಹೋದಳು. ಫೋಟೊದವನು, “ಬ್ರಶ್ ಕೈಯಲ್ಲೇ ಇರ್ಲಿ ಅಮ್ಮ,” ಅಂದ.

“ಒದ್ದೆ ಇದೀನಲ್ಲಪ್ಪ. ಒಂಚೂರು ಒರ್ಸ್ಕೊಂಡು ಬರ್ತೀನಿ.”

“ಬೇಡ ಬೇಡ, ಒದ್ದೆನೇ ಚೆನ್ನಾಗಿ ಬರುತ್ತೆ.”

ಆ ಫೋಟೊ ಈಗ ಗೇಟಿನಲ್ಲಿ ಆಳೆತ್ತರಕ್ಕೆ ನಿಂತಿದೆ. ಕಂಪನಿಯ ಜಾಕೆಟ್ ಹಾಕಿಕೊಂಡ ತಂಗಿ, ಅರ್ಧ ಕತ್ತರಿಸಿಹೋದ ಅವ್ವ, ಪೂರ್ತಿ ಬ್ರಶ್ಶು. ಅದರ ಕೆಳಗೇ ನಿಲ್ಲಿಸಿ ದಿನಾ ಗೇಟಿನವನು ಅವ್ವನ ಮೈ ತಡವುತ್ತಾನೆ, ತಾಮ್ರದ ತಂತಿ ಇದೆಯಾ ಅಂತ.

ಲಂಗ ಕೆಸರಿಗೆ ಬಿದ್ದ ದಿನದ ಸಂಜೆ ತಂಗಿ ಮನೆಗೆ ಬಂದವಳೇ ಫೋನು ಚಾಚಿದಳು. “ಅವ್ವಾ, ಇದನ್ನ ನೋಡು.”

ಅವಳಿಗೆ ಶಾಖ ನೋಡುವ ಕ್ಯಾಮೆರಾ ಕೊಟ್ಟಿದ್ದರು. ಅದರ ಕಣ್ಣಿಗೆ ತಣ್ಣಗಿದ್ದದ್ದು ನೀಲಿ, ಕಾದದ್ದು ಕೆಂಪು, ಸುಡುತ್ತಿರುವುದು ಬಿಳಿ. ಚಿತ್ರದಲ್ಲಿ ಒಂದು ಕೆಂಪು ಪ್ಯಾನೆಲ್. ಅದರ ಕೆಳ ಅಂಚಿನಲ್ಲಿ ಉಗುರಿನಷ್ಟು ಬಿಳಿ ಚೌಕಗಳು.

“ಹತ್ತೊಂಬತ್ತನೇ ಸಾಲಲ್ಲಿ ಮಾತ್ರ ಹಿಂಗೆ. ಅರವತ್ತೆರಡು ಪ್ಯಾನೆಲ್ ಒಳಗೊಳಗೇ ಬೆಂದುಹೋಗಿದಾವೆ. ಮೂರು ದಿನದಿಂದ ತಲೆ ಕೆಡ್ಸ್ಕೊಂಡಿದೀನಿ, ಕೆಳ ಅಂಚಲ್ಲೇ ಯಾಕೆ ಅಂತ.”

ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. “ನಾವು ಲಂಗ ಹಾಕೋ ಜಾಗ,” ಅಂದಳು.

ತಂಗಿ ಫೋನು ಇಸ್ಕೊಂಡು ಚಿತ್ರ ದೊಡ್ಡದು ಮಾಡಿ ನೋಡಿದಳು.

“ದಿನಾ ಜಾಗ ಬದಲಿಸ್ತೀವಿ. ಒಂದು ಗೇಣು ಕಣೆ, ಅಷ್ಟೇ. ಅಷ್ಟಗಲ ಗಾಜು ಬಿಸಿಲಿಗೇ ಬಿಟ್ಟಿದೀವಿ. ಕರೆಂಟಿಗೆ ತೊಂದ್ರೆ ಆಗ್ಬಾರ್ದು, ಅಂಚಿಗೆ ಹಾಕ್ರೇ, ಮಧ್ಯೆ ಹರಡ್ಬೇಡ್ರೇ ಅಂತ ನಾನೇ ಎಲ್ಲರಿಗೂ ಹೇಳಿಕೊಟ್ಟಿದ್ದು.”

“ಅಯ್ಯೋ ಅವ್ವಾ, ಪೂರ್ತಿ ಮುಚ್ಚಿದ್ರೆ ಇಷ್ಟು ಕೆಡ್ತಿರ್ಲಿಲ್ಲ! ಗೇಣು ಮುಚ್ಚಿದ್ದಕ್ಕೇ ಕೆಟ್ಟಿದ್ದು. ಸಾಲಾಗಿ ನಿಂತು ಕೈಯಿಂದ ಕೈಗೆ ಬಕೀಟು ದಾಟಿಸ್ತಾರಲ್ಲ, ಹಂಗೆ ಇದು. ನಡುವೆ ಒಬ್ಬ ನೆರಳು ಸಿಕ್ತು ಅಂತ ಕೈ ಕಟ್ಟಿ ನಿಂತ್ರೆ, ಉಳಿದವರ ನೂಕೆಲ್ಲ ಅವನ ಮೇಲೇ ಬೀಳುತ್ತೆ. ಅವನು ಸುಟ್ಟುಹೋಗ್ತಾನೆ.”

“ನೆರಳಲ್ಲಿ ಕೂತವನು ಸುಟ್ಟುಹೋಗ್ತಾನಾ? ಚೆನ್ನಾಗಿದೆಯಲ್ಲೇ ನಿಮ್ಮ ವಿದ್ಯೆ. ನಾನು ಕಂಡಿರೋ ಕಡೆಯೆಲ್ಲ ನೆರಳಲ್ಲಿ ಕೂತವನೇ ದಪ್ಪಗಾಗೋದು.”

ತಂಗಿ ನಗಲಿಲ್ಲ. “ಬೇರೆ ಕಡೆ ಒಣಗಿಸೋಕೆ ಏನ್ ರೋಗ ನಿಮಗೆ? ಇನ್ನೆಲ್ಲೂ ಜಾಗ ಇಲ್ವಾ?”

ನಾನು ಬಾಯಿ ಬಿಟ್ಟೆ. “ಇತ್ತು. ಅಲ್ಲೀಗ ನೀನು ಕೂತಿದೀಯ, ಎಸಿ ಹಾಕ್ಕೊಂಡು.”

“ಏಯ್, ಸುಮ್ನಿರೋ ಮುಂಡೇದೇ!” ಅಂತ ಅವ್ವ ಗದರಿದಳು. ಆದರೆ ಮಾತು ಬಿದ್ದಾಗಿತ್ತು. ಆರು ತಿಂಗಳಿಂದ ಒಂಬತ್ತು ಹೆಂಗಸರಲ್ಲಿ ಒಬ್ಬಳೂ ಅವಳಿಗೆ ಇದನ್ನು ಹೇಳಿರಲಿಲ್ಲ. ಹುಡುಗಿ ಓದಲಿ ಅಂತ.

ತಂಗಿ ಫೋನು ಆರಿಸಿದಳು. “ಆ ಗೋಡೇಲಿ ಒಂಬತ್ತು ಮೊಳೆ ಇದಾವೆ,” ಅಂದಳು. “ಬಣ್ಣ ಬಳಿದ್ರೂ ಹಂಗೇ ಇದಾವೆ. ಒಂದಕ್ಕೆ ನಾನು ಬ್ಯಾಗ್ ನೇತಾಕ್ತೀನಿ.”

ಮೂರು ದಿನ ಬಿಟ್ಟು ನಾನು ಆಫೀಸಿನೊಳಕ್ಕೆ ಕುಡಿಯುವ ನೀರಿನ ಕ್ಯಾನು ಹೊತ್ತುಕೊಂಡು ಹೋದೆ. ಕ್ಯಾನು ಹೊತ್ತವನ ಕಿವಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮೇಜಿನ ಆಚೆ ಮ್ಯಾನೇಜರು, ಪಕ್ಕದಲ್ಲಿ ಮೇಡಂ, ಎದುರಿಗೆ ನಿಂತ ತಂಗಿ.

“ತುಂಬಾ ಚೆನ್ನಾಗಿ ಬರ್ದಿದೀಯಮ್ಮ,” ಅಂದಳು ಮೇಡಂ. “ಈ ಕೊನೇ ಪುಟ ಒಂದೇ ನೋಡು.” ಗಟ್ಟಿಯಾಗಿ ಓದಿದಳು: “‘ಕಾರಣ: ಹೆಣ್ಣಾಳುಗಳು ಬಟ್ಟೆ ಒಣಗಿಸುತ್ತಿದ್ದ ಕೋಣೆಯಲ್ಲಿ ಈಗ ನಾನು ಕೂರುತ್ತಿದ್ದೇನೆ.’ ಇದು ನಿನ್ನ ಅಭಿಪ್ರಾಯ ಆಯ್ತಲ್ವಾ? ವಿಜ್ಞಾನದಲ್ಲಿ ಅಭಿಪ್ರಾಯ ಬರಬಾರದು ಪುಟ್ಟಾ. ಅಳೆದದ್ದನ್ನ ಮಾತ್ರ ಬರೀಬೇಕು.” ಕೆಂಪು ಪೆನ್ನಿನಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದಳು. ಮೆಲ್ಲಗೆ, ಮಗುವಿನ ಮೂಗು ಒರೆಸುವ ಹಾಗೆ.

“‘ತೊಳೆಯುವವರ ಬೇಜವಾಬ್ದಾರಿ’ ಅಂತ ಹಾಕು,” ಅಂದ ಮ್ಯಾನೇಜರು. “ಕೆಳಗೆ ಆ ಸಾಲಿನವರ ಹೆಸರು. ಶನಿವಾರದಿಂದ ಅವರು ಬೇಡ.”

“ಬೇಜವಾಬ್ದಾರೀನ ಹೆಂಗೆ ಅಳೆದ್ರಿ ಸರ್?”

ಮ್ಯಾನೇಜರು ನಕ್ಕ. ಮೇಡಂ ನಗಲಿಲ್ಲ. “ಮೂವರಲ್ಲಿ ಒಬ್ಬರನ್ನ ಕಾಯಂ ಮಾಡ್ಕೋತೀವಿ, ಗೊತ್ತಲ್ಲ? ಶುಕ್ರವಾರ ಹಣ ಹಾಕಿರೋ ಅತಿಥಿಗಳು ಬರ್ತಾರೆ. ವರದಿ ನೀನೇ ಓದ್ಬೇಕು ಅಂತ ನಾನು ಹಟ ಹಿಡಿದು ಒಪ್ಪಿಸಿದೀನಿ. ನಿನ್ನಂಥ ಹುಡುಗಿ ಓದಿದ್ರೇ ಚೆನ್ನ.”

“ಅದರಲ್ಲಿ ನಮ್ಮವ್ವನೂ ಇದಾಳೆ ಮೇಡಂ.”

“ಅಯ್ಯೋ, ನಿಮ್ಮಮ್ಮನ ಹೆಸರು ಯಾರು ಬರಿ ಅಂದ್ರು?” ಅಂದ ಮ್ಯಾನೇಜರು. “ಉಳಿದ ಎಂಟು ಬರಿ. ಏಯ್, ಕ್ಯಾನ್ ಇಟ್ಟಾಯ್ತಲ್ಲ, ಹೊರಡು.”

ಆ ಸಂಜೆ ನಾನು ಅವಳ ಮೇಲೆ ಹಾರಿಬಿದ್ದೆ. “ಬರ್ದೆಯಾ? ಎಂಟೂ ಬರ್ದೆಯಾ? ಕೆಮ್ಮಜ್ಜಿ ಹೆಸರು ಮೊದಲು ಹಾಕು, ನಿನ್ನನ್ನ ಎತ್ತಿ ಆಡ್ಸಿದ ಮುದುಕಿ ಅದು. ಬರೆಯೋಕೆ ಎಸಿ ಬೇಕಾ ಮಹಾರಾಣಿಗೆ?”

“ನಾನ್ ಬರೀದೆ ಹೋದ್ರೆ ನಾಳೆ ಸೀಟಿ ಬರೀತಾನೆ. ಆಗ ಒಂಬತ್ತೂ ಹೋಗುತ್ತೆ, ನಂದೂ ಹೋಗುತ್ತೆ. ಏನ್ಮಾಡ್ಲಿ, ಹೇಳು! ಬಾಯಿ ಮಾಡೋದು ಬಿಟ್ಟು ಹೇಳು!” ಉಪಾಯ ಹೊಳೆಯದ್ದಕ್ಕೇ ನಾನು ಇನ್ನಷ್ಟು ಬಾಯಿ ಮಾಡಿದೆ. ಆಡಬಾರದ್ದನ್ನೆಲ್ಲ ಆಡಿದೆ.

ಅವ್ವ ಅಂಗಾಲಿನ ಬಿರುಕಿಗೆ ಎಣ್ಣೆ ಸವರುತ್ತಿದ್ದವಳು ತಲೆ ಎತ್ತದೆ ಹೇಳಿದಳು. “ಎಂಟು ಜನದ್ದು ಬರ್ದು ನನ್ನೊಬ್ಬಳನ್ನ ಬಿಟ್ರೆ, ವ್ಯಾನಲ್ಲಿ ನಾನು ಯಾರ ಪಕ್ಕ ಕೂತ್ಕೊಳ್ಲಿ?”

“ನನ್ನ ಓದು ಅವ್ವಾ?”

“ಅದೇ ನಾನೂ ಯೋಚಿಸ್ತಿರೋದು.” ಇನ್ನೊಂದು ಕಾಲಿಗೆ ಎಣ್ಣೆ ಹಚ್ಚಿದಳು. “ಅಳೆದದ್ದನ್ನ ಮಾತ್ರ ಬರಿ ಅಂದ್ಳಾ ಆ ಯಮ್ಮ?”

“ಹೂಂ.”

“ನಿನ್ನ ಆ ಡಬ್ಬೀಲಿ ಮನುಷ್ಯರನ್ನೂ ಅಳೀಬಹುದಾ? ಮುಖ ಕಾಣುತ್ತಾ ಅದ್ರಲ್ಲಿ?”

“ಮುಖ ಕಾಣಲ್ಲ. ಶಾಖ ಮಾತ್ರ.”

“ಹಂಗಾದ್ರೆ ಮಾನಕ್ಕೇನೂ ತೊಂದ್ರೆ ಇಲ್ಲ,” ಅಂದಳು ಅವ್ವ. ನನಗೆ ತಲೆಬುಡ ತಿಳಿಯಲಿಲ್ಲ. ತಂಗಿಗೆ ತಿಳಿಯಿತು ಅಂತ ಕಾಣುತ್ತದೆ. ಅವಳು ಅವ್ವನನ್ನೇ ನೋಡುತ್ತಿದ್ದಳು.

ಶುಕ್ರವಾರ ನಸುಕಿನಲ್ಲಿ ಅವ್ವ ಪೆಟ್ಟಿಗೆಯ ತಳದಿಂದ ನೀಲಿ ಲಂಗ ತೆಗೆದು ಹಾಕಿಕೊಂಡಳು. ವ್ಯಾನಿನಲ್ಲಿ ಕೆಮ್ಮಜ್ಜಿ, “ಯಾರದ್ದೇ ಮದುವೆ?” ಅಂದಳು. “ಬಾ, ತೋರಿಸ್ತೀನಿ,” ಅಂದಳು ಅವ್ವ. ದಾರಿಯುದ್ದಕ್ಕೂ ಹೆಂಗಸರು ತಲೆ ಕೂಡಿಸಿ ಗುಸುಗುಸು ನಡೆಸಿದರು. ನಾನು ಕಿವಿ ಚಾಚಿದರೆ, “ಗಂಡಸಿಗೇನು ಲಂಗದ ಮಾತು, ಆ ಕಡೆ ನೋಡೋ,” ಅಂತ ಗದರಿಸಿದರು.

ಆಫೀಸಿನ ಮುಂದೆ ಬಿಳಿ ಚಪ್ಪರ, ನಲವತ್ತು ಕುರ್ಚಿ, ಗೋಡೆಯಷ್ಟು ದೊಡ್ಡ ಪರದೆ. ಅತಿಥಿಗಳ ಬೂಟಿಗೆ ಧೂಳು ಹತ್ತಬಾರದು ಅಂತ ನೀರು ಚಿಮುಕಿಸಲು ನನ್ನನ್ನು ಅಲ್ಲೇ ನಿಲ್ಲಿಸಿದ್ದರು. ಕಾರುಗಳಿಗೆ ದಾರಿ ಬೇಕಲ್ಲ, ಹಾಗಾಗಿ ಕೂಲಿ ವ್ಯಾನು ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯವರೆಗೆ ಒಬ್ಬ ಹೆಂಗಸೂ ಹತ್ತೊಂಬತ್ತನೇ ಸಾಲಿನಿಂದ ಈಚೆ ತಲೆ ಹಾಕಬಾರದು ಅಂತ ಸೀಟಿಯ ಅಪ್ಪಣೆ. ಅದು ಕಡೆಯ ಸಾಲು, ದಿಣ್ಣೆಯ ಆಚೆ, ಚಪ್ಪರದಿಂದ ಕಾಣುವುದಿಲ್ಲ. ಅತಿಥಿಗಳಿಗೆ ಗಾಜು ಹೊಳೆಯಬೇಕು ಅಂತ ಅವತ್ತು ಎರಡೆರಡು ಸಲ ತಿಕ್ಕಿಸಿದ್ದರು, ಕೆಲಸ ಮುಗಿದಾಗ ಹತ್ತಾಗಿತ್ತು.

ಹನ್ನೊಂದಕ್ಕೆ ತಂಗಿ ಎದ್ದು ನಿಂತಳು. ಜಾಕೆಟ್ಟು, ಕಾಲರಿಗೆ ಮೈಕು, ಕೈಯಲ್ಲಿ ಕ್ಯಾಮೆರಾ. ಅದು ನೋಡಿದ್ದೆಲ್ಲ ಪರದೆಯ ಮೇಲೆ ಬರುತ್ತಿತ್ತು. ಮೂರನೇ ಸಾಲು ತೋರಿಸಿದಳು, ಏಳನೆಯದು ತೋರಿಸಿದಳು. ಅತಿಥಿಗಳು ತಲೆದೂಗಿದರು. ಮೇಡಂ ಹೆತ್ತ ತಾಯಿಯ ಹಾಗೆ ನಗುತ್ತಿದ್ದಳು.

“ಈಗ ವರದಿಯ ಕೊನೇ ಪುಟ,” ಅಂದಳು ತಂಗಿ. ಕಾಗದ ಕುರ್ಚಿಯ ಮೇಲಿಟ್ಟು ನಡೆಯತೊಡಗಿದಳು. ದಿಣ್ಣೆ ಹತ್ತಿದಳು, ಇಳಿದಳು, ಮರೆಯಾದಳು. ಪರದೆಯ ಮೇಲೆ ಕೆಂಪು ನೆಲ ತೂಗಾಡಿತು. ಸ್ಪೀಕರಿನಲ್ಲಿ ಅವಳ ಏದುಸಿರು. ಆಮೇಲೆ ಚಿತ್ರ ನಿಂತಿತು.

“ಇದು ಹತ್ತೊಂಬತ್ತನೇ ಸಾಲು. ಹಿಂಭಾಗದಿಂದ ನೋಡ್ತಿದೀವಿ. ಅಂಚಲ್ಲಿ ಬಿಳಿ ಕಾಣುತ್ತಲ್ಲ, ತೊಂಬತ್ತೊಂದು ಡಿಗ್ರಿ. ಅದರ ಮೇಲ್ಗಡೆ ಒದ್ದೆ ಲಂಗ ಹಾಕಿದೆ. ಪ್ಯಾನೆಲ್ ಹಾಳಾಗಿದ್ದು ಹೀಗೆ.”

ಪರದೆಯ ತುಂಬ ಕೆಂಪು. ಮೇಲೆ ಒಂಬತ್ತು ಕಡೆ ಬಿಳಿ. ಅದರ ಕೆಳಗೆ ಒಂಬತ್ತು ನೀಲಿ ಗುಡ್ಡೆಗಳು, ಅಕ್ಕಪಕ್ಕ, ಅಲುಗಾಡದೆ. ಮುಂದಿನ ಸಾಲಿನ ಅತಿಥಿ ಹೆಂಗಸೊಬ್ಬಳು ಮೇಡಂ ಕೈಯಿಂದ ಮೈಕು ಇಸಿದುಕೊಂಡಳು. “ಕೆಳಗಡೆ ನೀಲಿ ಇದೆಯಲ್ಲ, ಅದೇನು? ಕಲ್ಲುಗಳಾ?”

“ಮೂವತ್ತೈದು ಡಿಗ್ರಿ. ಸುತ್ತಲಿನ ನೆಲಕ್ಕಿಂತ ಹದಿನೈದು ಕಮ್ಮಿ,” ಅಂದಳು ತಂಗಿ. “ಅದು ಹೆಂಗಸರು. ಬಟ್ಟೆ ಒಣಗೋವರೆಗೆ ಕೂತಿದಾರೆ. ಅವರು ಒಣಗಿಸ್ತಿದ್ದ ಕೋಣೆ ಈಗ ನನ್ನದು. ಎಡಗಡೆಯಿಂದ ಮೂರನೇ ಗುಡ್ಡೆ ನಮ್ಮವ್ವ. ಇದು ಅಭಿಪ್ರಾಯ ಅಲ್ಲ ಮೇಡಂ, ಅಳತೆ.”

“ಆಫ್ ಮಾಡ್ರೋ ಅದನ್ನ!” ಮ್ಯಾನೇಜರು ಎದ್ದ. ಯಾರೋ ತಂತಿ ಕಿತ್ತರು, ಪರದೆ ಕಪ್ಪಾಯಿತು. ಆದರೆ ಆ ಹೆಂಗಸು ಆಗಲೇ ದಿಣ್ಣೆಯ ಕಡೆ ಹೆಜ್ಜೆ ಹಾಕಿದ್ದಳು, ಅವಳ ಹಿಂದೆ ಇನ್ನೊಂದಿಷ್ಟು ಜನ. “ಹೋಗೋ, ಅವರು ಅಲ್ಲಿಗೆ ಮುಟ್ಟೋ ಮೊದ್ಲು ಆ ಲಂಗ ಎಲ್ಲಾ ಕಿತ್ತು ಬಿಸಾಕು,” ಅಂತ ಮ್ಯಾನೇಜರು ಹಲ್ಲು ಕಚ್ಚಿ ಅಂದ. ಸೀಟಿ ಓಡಿದ.

ನಾನು ಪೈಪು ಬಿಟ್ಟೆ. ಗೋಡೆಗೆ ಒರಗಿಸಿದ್ದ ವೈಪರ್ ಕೋಲು ಎತ್ತಿಕೊಂಡೆ. ಸಾಲುಗಳ ನಡುವಿನ ಅಡ್ಡದಾರಿ ನನಗೆ ಅವನಿಗಿಂತ ಚೆನ್ನಾಗಿ ಗೊತ್ತು. ಅವನು ದಿಣ್ಣೆ ಇಳಿಯುವಷ್ಟರಲ್ಲಿ ಹತ್ತೊಂಬತ್ತನೇ ಸಾಲಿನ ಬಾಯಿಗೆ ಕೋಲು ಅಡ್ಡ ಹಿಡಿದು ನಿಂತಿದ್ದೆ. ಸಾಲಿನ ಆಚೆ ತುದಿಯಲ್ಲಿ ತಂಗಿ ನಿಂತಿದ್ದಳು. ಜಾಕೆಟ್ ಅವಳ ಮೈಮೇಲೆ ಇರಲಿಲ್ಲ. ಗಾಜಿನ ಅಂಚಿನಲ್ಲಿ, ನೀಲಿ ಲಂಗದ ಪಕ್ಕದಲ್ಲಿ ಇತ್ತು.

“ದಾರಿ ಬಿಡೋ ನಾಯಿ.”

“ಒಳಗೆ ಹೆಂಗಸರಿದಾರೆ,” ಅಂದೆ. ಹಿಂದೆ ಬರುತ್ತಿದ್ದವರಿಗೆಲ್ಲ ಕೇಳುವ ಹಾಗೆ ಅಂದೆ. “ಸೊಂಟದ ಕೆಳಗೆ ಬಟ್ಟೆ ಇಲ್ಲ. ಒಣಗೋವರೆಗೆ ಯಾರೂ ಒಳಗೆ ಬರೋ ಹಾಗಿಲ್ಲ.”

ಅತಿಥಿಗಳು ನಿಂತರು. ಮುಂದೆ ಬರುವುದೋ ಹಿಂದೆ ಹೋಗುವುದೋ ತಿಳಿಯದೆ ಬಟಾಬಯಲಲ್ಲಿ ನಿಂತರು. ಅಲ್ಲಿ ನೆರಳಿಲ್ಲ. ಒಬ್ಬ ಫೈಲು ತಲೆಯ ಮೇಲೆ ಹಿಡಿದುಕೊಂಡ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಬಂದು, ನನ್ನ ಕಿವಿಯ ಹತ್ತಿರ ಬಾಯಿ ತಂದು, “ಸೂಳೆಮಗನೆ, ನಾಳೆ ನಿಮ್ಮ ಮನೆಯವರ್ಯಾರಿಗೂ ಗೇಟು ತೆಗಿಯಲ್ಲ,” ಅಂದ. ಆಮೇಲೆ ಅತಿಥಿಗಳ ಕಡೆ ತಿರುಗಿ ನಕ್ಕ. ಆಚೆ ತುದಿಯಲ್ಲಿ ತಂಗಿ ಮುಂಗೈಯಿಂದ ಕಣ್ಣು ಒರೆಸಿಕೊಂಡಳು. ಕಾಲು ಮಾತ್ರ ಕದಲಿರಲಿಲ್ಲ.

ಸೀಟಿ ಎರಡು ಸಲ ಊದಿದ. ಯಾರೂ ಬರಲಿಲ್ಲ. ಮತ್ತೆ ಎರಡು ಸಲ ಊದಿದ. ಪ್ಯಾನೆಲ್ ಕೆಳಗೆ ಕೆಮ್ಮಜ್ಜಿ ಕೆಮ್ಮಿದಳು.

ಗಾಜಿನ ಕೆಳಗಿನಿಂದ ಒಂದು ಕೈ ಹೊರಬಂತು. ನೀರಲ್ಲಿ ನೆನೆದು ನೆನೆದು ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ಅದು ತಡಕಾಡಿ ನೀಲಿ ಲಂಗದ ಅಂಚು ಹಿಡಿದು, ಎರಡು ಬೆರಳ ನಡುವೆ ನಿಧಾನವಾಗಿ ಹೊಸಕಿ ನೋಡಿತು.

“ಇನ್ನೂ ಹಸಿ ಇದೆ,” ಅಂದಳು ಅವ್ವ. “ನಿಂತಿರಿ.”